ಬೋನಿನೊಳಗೆ ನಿಂತವನ ಹೆಸರೇನು? – ದಾಮೂ ಧೋತ್ರೆ ಎಂಬ ಮರೆತುಹೋದ ಬದುಕು



ನಮ್ಮ ಪುತ್ತಿಗೆ, ಕುಂಬಳೆ, ಸೀತಾಂಗೋಳಿ ಕಡೆಯ ಹಿರಿಯರಲ್ಲಿ ಸರ್ಕಸ್ಸಿನ ಮಾತೆತ್ತಿದರೆ ಸಾಕು, ನೆನಪುಗಳು ಒಂದರ ಹಿಂದೆ ಒಂದು ಬರುತ್ತವೆ. ಕಾಸರಗೋಡಿನಲ್ಲಿ ಡೇರೆ ಬಿದ್ದದ್ದು, ಮಂಗಳೂರಿನ ನೆಹರೂ ಮೈದಾನಕ್ಕೆ ಬಸ್ಸು ಹತ್ತಿ ಹೋದದ್ದು, ರಾತ್ರಿ ಆಕಾಶದಲ್ಲಿ ತಿರುಗುತ್ತಿದ್ದ ಸರ್ಚ್‌ಲೈಟು, ಜೋಕರನ ಚೇಷ್ಟೆ, ಸೈಕಲ್ ಓಡಿಸುವ ಕರಡಿ, ಸಿಂಹದ ಗರ್ಜನೆ. ಸರ್ಕಸ್ ಕಂಪೆನಿಯ ಹೆಸರೂ ಅವರಿಗೆ ನೆನಪಿರುತ್ತದೆ. ಆದರೆ ಒಂದು ಪ್ರಶ್ನೆ ಕೇಳಿ ನೋಡಿ: ಆ ಸಿಂಹದ ಬೋನಿನೊಳಗೆ ಹೋಗಿ ನಿಂತವನ ಹೆಸರೇನು? ಉತ್ತರ ಸಿಗುವುದು ಬಹಳ ಅಪರೂಪ.

ಯಕ್ಷಗಾನ ಮೇಳದಲ್ಲಿ ಹಾಗಲ್ಲ. ಪಾರ್ತಿಸುಬ್ಬನ ಊರಾದ ಕುಂಬಳೆಯ ಸೀಮೆಯಲ್ಲಿ ಯಾವ ವೇಷ ಯಾರು ಮಾಡಿದರು, ಭಾಗವತರು ಯಾರು ಎಂಬುದನ್ನು ಐವತ್ತು ವರ್ಷದ ಮೇಲೂ ಹೇಳುವವರಿದ್ದಾರೆ. ಸರ್ಕಸ್ಸೂ ಮೇಳದಂತೆಯೇ ಡೇರೆ ಹೊತ್ತುಕೊಂಡು ತಿರುಗಾಟ ಮಾಡಿದ ಕಲೆ. ಆದರೂ ಅಲ್ಲಿ ಮೃಗದ ನೆನಪು ಉಳಿಯಿತು, ಮನುಷ್ಯನ ಹೆಸರು ಅಳಿಯಿತು. ಹಾಗೆ ಅಳಿಯುವ ಅಂಚಿನಲ್ಲಿದ್ದು ಹೇಗೋ ಉಳಿದುಕೊಂಡ ಒಂದು ಬದುಕನ್ನು ಈ ಲೇಖನದಲ್ಲಿ ನೋಡೋಣ. ಅವರ ಹೆಸರು ದಾಮೂ ಧೋತ್ರೆ.

ಸರ್ಕಸ್ ನಮ್ಮ ಪಕ್ಕದ ಊರಿನದ್ದು

ದಾಮೂ ಅವರ ಕಥೆಗೆ ಮೊದಲು ಭಾರತದ ಸರ್ಕಸ್ ಹೇಗೆ ಹುಟ್ಟಿತು ಎಂದು ತಿಳಿಯಬೇಕು. 1879ರ ಸುಮಾರಿಗೆ ಇಟಲಿಯ ಗಿಸೆಪ್ಪೆ ಕಿಯಾರಿನಿಯ ಸರ್ಕಸ್ ಮುಂಬಯಿಗೆ ಬಂದಿತ್ತು. ಅದನ್ನು ನೋಡಿದವರಲ್ಲಿ ಕುದುರೆ ಪಳಗಿಸುವುದರಲ್ಲಿ ಹೆಸರಾಗಿದ್ದ ವಿಷ್ಣುಪಂತ ಛತ್ರೆ ಒಬ್ಬರು. ನಮ್ಮಿಂದಲೂ ಇದು ಆಗುತ್ತದೆ ಎಂದು ಅವರಿಗೆ ಅನ್ನಿಸಿತು. 1880ರಲ್ಲಿ ಮುಂಬಯಿಯಲ್ಲಿ ಅವರ 'ಗ್ರೇಟ್ ಇಂಡಿಯನ್ ಸರ್ಕಸ್' ಪ್ರದರ್ಶನ ಶುರುವಾಯಿತು. ಭಾರತೀಯರೇ ಕಟ್ಟಿ ಭಾರತೀಯರೇ ಆಡಿದ ಮೊದಲ ಸರ್ಕಸ್ ಎಂದು ಅದನ್ನು ಗುರುತಿಸುತ್ತಾರೆ.

ಛತ್ರೆಯವರ ತಿರುಗಾಟ ಮಲಬಾರಿಗೂ ಬಂತು. ತಲಶ್ಶೇರಿಯಲ್ಲಿ ಅವರಿಗೆ ಕೀಲೇರಿ ಕುಂಞಿಕಣ್ಣನ್ ಎಂಬ ವ್ಯಾಯಾಮ ಗುರುಗಳ ಪರಿಚಯವಾಯಿತು. ಕುಂಞಿಕಣ್ಣನ್ ಕಳರಿ ಬಲ್ಲವರು, ತಲಶ್ಶೇರಿಯ ಬಾಸೆಲ್ ಮಿಶನ್ ಶಾಲೆಯಲ್ಲಿ ವ್ಯಾಯಾಮ ಕಲಿಸಿದವರು. ನಮಗೆ ಕಿಟೆಲರ ಕನ್ನಡ ನಿಘಂಟನ್ನು, ಮಲಯಾಳಿಗಳಿಗೆ ಗುಂಡರ್ಟ್ ನಿಘಂಟನ್ನು ಕೊಟ್ಟ ಅದೇ ಮಿಶನ್. ಕುಂಞಿಕಣ್ಣನ್ 1901ರಲ್ಲಿ ತಲಶ್ಶೇರಿ ಸಮೀಪದ ಚಿರಕ್ಕರದಲ್ಲಿ ಸರ್ಕಸ್ ಕಲಿಸುವ ಶಾಲೆಯನ್ನೇ ತೆರೆದರು. ಅಲ್ಲಿಂದ ಮುಂದೆ ಭಾರತದ ಬಹುತೇಕ ಸರ್ಕಸ್ ಕಂಪೆನಿಗಳಲ್ಲಿ ತಲಶ್ಶೇರಿ, ಕಣ್ಣೂರಿನವರೇ ತುಂಬಿಕೊಂಡರು. 1951ರಲ್ಲಿ ಜೆಮಿನಿ ಸರ್ಕಸ್ ಕಟ್ಟಿದ ಶಂಕರನ್ ಅವರೂ ಅದೇ ಸೀಮೆಯವರು.

ಕುಂಬಳೆಯಲ್ಲಿ ರೈಲು ಹತ್ತಿದರೆ ಎರಡು ಮೂರು ಗಂಟೆಯಲ್ಲಿ ತಲಶ್ಶೇರಿ ಸಿಗುತ್ತದೆ. ಸರ್ಕಸ್ ಎಂದರೆ ದೂರದ ಯಾವುದೋ ದೇಶದ ಮಾತು ಎಂದುಕೊಳ್ಳುವ ನಾವು ಅದರ ತವರಿಗೆ ಇಷ್ಟು ಹತ್ತಿರ ಇದ್ದೇವೆ.

ಮರಾಠಿ ನಾಡಿನಿಂದ ಹುಟ್ಟಿದ ಈ ಕಲೆಗೆ ಮಲಬಾರು ಹಾರುವವರನ್ನೂ ತಂತಿಯ ಮೇಲೆ ನಡೆಯುವವರನ್ನೂ ಕೊಟ್ಟಿತು. ಬಂಗಾಳದಲ್ಲಿ ಪ್ರಿಯನಾಥ ಬೋಸರ ಸರ್ಕಸ್ಸಿನಲ್ಲಿ ಸುಶೀಲಾ ಸುಂದರಿ ಎಂಬ ಯುವತಿ ಹುಲಿಗಳ ಬೋನಿನೊಳಗೆ ಹೋಗುತ್ತಿದ್ದಳು. ಹೆಣ್ಣುಮಕ್ಕಳು ಹೊಸಿಲು ದಾಟುವುದೇ ಕಷ್ಟವಾಗಿದ್ದ ಕಾಲ ಅದು. ಅವಳ ಬಗ್ಗೆ ಇಂದು ಎಷ್ಟು ಜನರಿಗೆ ಗೊತ್ತು?

ಪುಣೆಯ ಹುಡುಗ

ದಾಮೂ ಧೋತ್ರೆ ಹುಟ್ಟಿದ್ದು 1902ರಲ್ಲಿ, ಪುಣೆಯ ಬಡ ಕುಟುಂಬವೊಂದರಲ್ಲಿ. ಅವರ ಮಾವನಿಗೆ ಒಂದು ಸರ್ಕಸ್ ಇತ್ತು. ಹುಡುಗ ಶಾಲೆ ಬಿಟ್ಟು ಅಲ್ಲಿಗೆ ಸೇರಿದ. ಆಗ ಅವನ ವಯಸ್ಸು ಹತ್ತರ ಆಸುಪಾಸು. ನಮ್ಮಲ್ಲಿ ಆ ವಯಸ್ಸಿನ ಮಕ್ಕಳು ಪ್ರಥಮ ಪರಮಪ್ರಸಾದದ ತಯಾರಿಯನ್ನು ಆಗಷ್ಟೇ ಮುಗಿಸಿರುತ್ತಾರೆ. ಅವನು ಆ ವಯಸ್ಸಿನಲ್ಲಿ ಸರ್ಕಸ್ಸಿನ ಸಾಮಾನು ಗಾಡಿಯ ಜತೆ ಊರೂರು ತಿರುಗುತ್ತಿದ್ದ.

ಸರ್ಕಸ್ಸಿನಲ್ಲಿ ಯಾರೂ ಒಂದೇ ಕೆಲಸ ಮಾಡುವುದಿಲ್ಲ. ಕಸರತ್ತು, ಸೈಕಲ್ ಆಟ, ಪ್ರಾಣಿಗಳಿಗೆ ಮೇವು, ಬೋನು ತೊಳೆಯುವುದು, ಎಲ್ಲವೂ ಇರುತ್ತದೆ. ದಾಮೂ ಸೈಕಲ್ ಆಟದಲ್ಲಿ ಪಳಗಿದರು. ಆದರೆ ಅವರ ಮನಸ್ಸು ಇದ್ದದ್ದು ಬೋನುಗಳ ಹತ್ತಿರ. ಪ್ರಾಣಿಗಳನ್ನು ಪಳಗಿಸುವ ವಿದ್ಯೆಯನ್ನು ಪುಸ್ತಕದಿಂದ ಕಲಿಯಲಾಗದು. ಚಿರತೆಯ ಕಿವಿ ಹಿಂದಕ್ಕೆ ಮಡಚಿದರೆ ಏನರ್ಥ, ಬಾಲದ ತುದಿ ಅಲುಗಿದರೆ ಏನರ್ಥ, ಬೆಳಿಗ್ಗೆ ಮಾಂಸ ಬಿಟ್ಟ ಹುಲಿ ಸಂಜೆ ಹೇಗಿರುತ್ತದೆ ಎಂಬುದನ್ನು ಬೋನಿನ ಬುಡದಲ್ಲಿ ವರ್ಷಗಟ್ಟಲೆ ನಿಂತು ನೋಡಿಯೇ ಕಲಿಯಬೇಕು.

1939ರಲ್ಲಿ ಅವರು ಯುರೋಪಿಗೆ ಹೋದರು. ಅಲ್ಲಿ ಆಲ್ಫ್ರೆಡ್ ಕೂರ್ ಎಂಬ ಫ್ರೆಂಚ್ ಪ್ರಾಣಿ ತರಬೇತುದಾರರ ತಂಡ ಸೇರಿದರು. ಕೂರ್ ಅಂದಿನ ಲೋಕದಲ್ಲಿ ಈ ವಿದ್ಯೆಯ ದೊಡ್ಡ ಗುರು ಎನಿಸಿದ್ದವರು. ಹುಲಿ, ಸಿಂಹ, ಚಿರತೆ, ಕರಡಿ, ನಾಯಿ ಎಲ್ಲವನ್ನೂ ಒಂದೇ ಬೋನಿನಲ್ಲಿ ಕೂರಿಸುವುದು ಅವರ ವಿಶೇಷ. ಎರಡನೇ ಮಹಾಯುದ್ಧ ಯುರೋಪನ್ನು ಆವರಿಸಿದಾಗ ಕೂರ್ ತಮ್ಮ ಪ್ರಾಣಿಗಳೊಂದಿಗೆ ಅಮೆರಿಕಕ್ಕೆ ಹೋದರು. ದಾಮೂ ಕೂಡ ಹೋದರು. 1940ರಲ್ಲಿ ಅವರು ಅಮೆರಿಕದ ಅತಿ ದೊಡ್ಡ ಸರ್ಕಸ್ಸಾದ 'ರಿಂಗ್ಲಿಂಗ್ ಬ್ರದರ್ಸ್ ಅಂಡ್ ಬಾರ್ನಮ್ ಅಂಡ್ ಬೈಲಿ'ಯ ಡೇರೆಯೊಳಗೆ ನಿಂತಿದ್ದರು. ಅಲ್ಲಿ ಏಕಕಾಲಕ್ಕೆ ಮೂರು ರಿಂಗುಗಳಲ್ಲಿ ಆಟ, ಸುತ್ತಲೂ ಸಾವಿರಾರು ಜನ. ಚಿರತೆ, ಕರಿಚಿರತೆ, ಪ್ಯೂಮಾ, ಜಾಗ್ವಾರ್‌ಗಳ ನಡುವೆ ಬರೀ ಮೈಯಲ್ಲಿ ನಿಂತಿದ್ದ ತೆಳ್ಳನೆಯ ಮನುಷ್ಯ ಪುಣೆಯ ದಾಮೂ.

ಯುದ್ಧಕಾಲದಲ್ಲಿ ಅವರು ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ಬೋನಿಗೆ ಮರಳಿದರು. ಕೊನೆಗೆ ತಾಯ್ನಾಡಿಗೆ ಬಂದು, 1973ರಲ್ಲಿ ತೀರಿಕೊಂಡರು.

ಬೋನಿನೊಳಗೆ ನಿಜವಾಗಿ ನಡೆಯುವುದೇನು?

ಬೋನಿನೊಳಗೆ ಹೋಗುವವನಿಗೆ ಬೇಕಾದದ್ದು ಧೈರ್ಯ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಧೈರ್ಯ ಒಂದೇ ಇದ್ದವನು ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಸ್ವಿಟ್ಜರ್ಲೆಂಡಿನ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಪ್ರತಿ ಪ್ರಾಣಿಗೂ ಒಂದು ದೂರದ ಲೆಕ್ಕ ಇರುತ್ತದೆ. ನಾವು ಆ ಗೆರೆ ದಾಟಿ ಹತ್ತಿರ ಹೋದರೆ ಅದು ಹಿಂದೆ ಸರಿಯುತ್ತದೆ. ಹಿಂದೆ ಸರಿಯಲು ಜಾಗವಿಲ್ಲದಾಗ ನಾವು ಇನ್ನೂ ಹತ್ತಿರ ಹೋದರೆ ಮೈಮೇಲೆ ಬೀಳುತ್ತದೆ. ಈ ಎರಡು ಗೆರೆಗಳ ನಡುವಿನ ಸಣ್ಣ ಜಾಗವೇ ಪಳಗಿಸುವವನ ಅಂಗಳ. ಅವನು ಒಂದು ಹೆಜ್ಜೆ ಮುಂದಿಟ್ಟರೆ ಸಿಂಹ ಅವನತ್ತ ನುಗ್ಗುತ್ತದೆ. ನಡುವೆ ಒಂದು ಎತ್ತರದ ಪೀಠ ಇಟ್ಟಿದ್ದರೆ ಅದರ ಮೇಲೆ ಹತ್ತುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಅವನು ಒಂದು ಹೆಜ್ಜೆ ಹಿಂದಿಟ್ಟರೆ ಸಿಂಹ ಅಲ್ಲೇ ನಿಲ್ಲುತ್ತದೆ. ಹೊರಗೆ ಕುಳಿತ ನಮಗೆ ಅದು ಅಪ್ಪಣೆ ಪಾಲಿಸಿದಂತೆ ಕಾಣುತ್ತದೆ. ನಿಜವಾಗಿ ನಡೆದದ್ದು ಅರ್ಧ ಹೆಜ್ಜೆಯ ಲೆಕ್ಕಾಚಾರ.

ಈ ಲೆಕ್ಕವನ್ನು ಹೊಡೆದು ಬಡಿದು ಬಳಸಿದವರಿದ್ದಾರೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಐಸಾಕ್ ವಾನ್ ಆಂಬರ್ಗ್ ಸಿಂಹದ ಬಾಯೊಳಗೆ ತಲೆ ಇಟ್ಟು ಹೆಸರಾದವನು. 1839ರಲ್ಲಿ ವಿಕ್ಟೋರಿಯಾ ರಾಣಿ ಅವನ ಆಟವನ್ನು ಮತ್ತೆ ಮತ್ತೆ ಹೋಗಿ ನೋಡಿದಳು. ಅವನ ಕ್ರೌರ್ಯವೂ ಅಷ್ಟೇ ಪ್ರಸಿದ್ಧವಾಗಿತ್ತು. ಪ್ರಾಣಿಗಳ ಮೇಲೆ ಮನುಷ್ಯನಿಗೆ ಅಧಿಕಾರ ಕೊಟ್ಟ ಆದಿಕಾಂಡದ ಮಾತನ್ನೇ ಅವನು ತನ್ನ ಸಮರ್ಥನೆಗೆ ಎಳೆದು ತರುತ್ತಿದ್ದನಂತೆ. ಅದೇ ಮಾತಿಗೆ ಹೀಗೆ ಅರ್ಥ ಮಾಡುವುದು ಸರಿಯಲ್ಲ, ಭೂಮಿಯನ್ನು ಕಾಯುವುದೂ ಮನುಷ್ಯನಿಗೆ ಒಪ್ಪಿಸಿದ ಕೆಲಸವೇ ಎಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೋ ಸೀ' ಪತ್ರದಲ್ಲಿ ಸ್ಪಷ್ಟವಾಗಿ ಬರೆದರು.

ಹೊಡೆತ ಬೇಡ, ತಾಳ್ಮೆ ಸಾಕು ಎಂಬ ದಾರಿಯನ್ನು ಜರ್ಮನಿಯ ಹ್ಯಾಂಬರ್ಗಿನ ಕಾರ್ಲ್ ಹ್ಯಾಗನ್‌ಬೆಕ್ ತೋರಿಸಿದರು. ಕೂರ್ ನಡೆದದ್ದೂ ಆ ದಾರಿಯಲ್ಲೇ. ಪ್ರತಿ ಪ್ರಾಣಿಗೂ ಒಂದು ಹೆಸರು, ಪ್ರತಿಯೊಂದಕ್ಕೂ ಅದರದೇ ಪೀಠ, ಮಾಡಿದ ಕೆಲಸಕ್ಕೆ ಕೋಲಿನ ತುದಿಯಲ್ಲಿ ಮಾಂಸದ ಚೂರು, ಎಂದೂ ಬದಲಾಗದ ದನಿ. ದಾಮೂ ಕೂಡ ಈ ಪರಂಪರೆಗೆ ಸೇರಿದವರು. ಮೃಗಗಳೊಡನೆ ಹೋರಾಡುವ ನಾಟಕ ಅವರದ್ದಲ್ಲ. ಕರಿಚಿರತೆಯನ್ನು ಹೆಗಲ ಮೇಲೆ ಹೊತ್ತುಕೊಂಡು ನಿಂತ ಅವರ ಶಾಂತ ನಿಲುವೇ ಜನರನ್ನು ಬೆರಗುಗೊಳಿಸಿತು.

ಇನ್ನೊಂದು ಮಾತು. ಸರ್ಕಸ್ಸಿನಲ್ಲಿ ಅಪಾಯ ಇರುವುದು ಬೋನಿನಲ್ಲಿ ಎಂದು ನೋಡುವವರು ತಿಳಿಯುತ್ತಾರೆ. 1944ರ ಜುಲೈ 6ರಂದು ಹಾರ್ಟ್‌ಫರ್ಡ್ ನಗರದಲ್ಲಿ ಇದೇ ರಿಂಗ್ಲಿಂಗ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಮಳೆ ನೀರು ತಡೆಯಲು ಬಟ್ಟೆಗೆ ಮೇಣ ಮತ್ತು ಪೆಟ್ರೋಲು ಬಳಿದಿದ್ದರು. ನೂರ ಅರವತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಉರಿದು ತೊಂಬತ್ತಕ್ಕೂ ಹೆಚ್ಚು ಜೀವಗಳು ಹೋದವು. ಅವರಲ್ಲಿ ಹೆಚ್ಚಿನವರು ಮಕ್ಕಳು. ಎರಡೂ ಕಡೆ ಜನರನ್ನು ಕೊಂದದ್ದು ಮೃಗವಲ್ಲ, ಮನುಷ್ಯರ ಅಲಕ್ಷ್ಯ.

ಮಹಾರಾಜನ ಪೇಟ, ಮಾವುತನ ಮಗ

ಇಂಥವರ ಬದುಕನ್ನು ಹುಡುಕಲು ಹೊರಟರೆ ನಮಗೆ ಮೊದಲು ಸಿಗುವುದು ಸರ್ಕಸ್ಸಿನ ಪೋಸ್ಟರು ಮತ್ತು ಫೋಟೋ. ಅವುಗಳನ್ನು ಎಚ್ಚರದಿಂದ ಓದಬೇಕು. ಅಮೆರಿಕದ ಫೋಟೋಗಳಲ್ಲಿ ದಾಮೂ ಅವರಿಗೆ ಮಿರುಗುವ ಪೇಟ, ಮೈಮೇಲೆ ಒಡವೆ. ನೋಡಿದರೆ ಯಾವುದೋ ಸಂಸ್ಥಾನದ ಅರಸುಮಗನೆಂದೇ ಹೇಳಬೇಕು. ಪುಣೆಯ ಬಡ ಹುಡುಗನಿಗೆ ತೊಡಿಸಿದ ವೇಷ ಅದು. ಭಾರತ ಎಂದರೆ ಹುಲಿ, ಮಹಾರಾಜ, ಮಾಯಾಮಂತ್ರ ಎಂದು ನಂಬಿದ್ದ ಜನರಿಗೆ ಅವರಿಗೆ ಬೇಕಾದ ಭಾರತವನ್ನೇ ತೋರಿಸಲಾಯಿತು. ಅದೇ ಅಮೆರಿಕದಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು 1946ರ ಕಾನೂನು ಬರುವವರೆಗೆ ಬಹುಮಟ್ಟಿಗೆ ಮುಚ್ಚಿತ್ತು. ಆ ಕಾನೂನು ಕೂಡ ವರ್ಷಕ್ಕೆ ಸುಮಾರು 100 ಭಾರತೀಯರಿಗೆ ಮಾತ್ರ ವಲಸೆಗೆ ಅವಕಾಶ ಕೊಟ್ಟಿತು. ಡೇರೆಯೊಳಗೆ ಚಪ್ಪಾಳೆ ಇತ್ತು, ಡೇರೆಯ ಹೊರಗೆ ಬೇರೆಯೇ ನಿಯಮ ಇತ್ತು.

ಇಲ್ಲಿ ನಮ್ಮ ಕನ್ನಡ ನೆಲದ ಇನ್ನೊಬ್ಬ ಹುಡುಗನ ನೆನಪು ಬರುತ್ತದೆ. ಕಬಿನಿ ಹೊಳೆಯ ದಡದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ತಂದೆ ತೀರಿದ ಮೇಲೆ ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆದ ಈ ಹುಡುಗನನ್ನು ಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡ ಕಂಡಿತು. 1937ರ 'ಎಲಿಫೆಂಟ್ ಬಾಯ್' ಚಿತ್ರ ಅವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿತು. ದಾಮೂ ಅವರಂತೆ ಸಾಬು ಕೂಡ ಅಮೆರಿಕಕ್ಕೆ ಹೋದ. ಅವರಂತೆಯೇ ಯುದ್ಧಕಾಲದಲ್ಲಿ ಅಲ್ಲಿನ ಸೈನ್ಯ ಸೇರಿದ, ಯುದ್ಧವಿಮಾನದಲ್ಲಿ ಹೋರಾಡಿ ಪದಕ ಪಡೆದ. ಸಿನಿಮಾ ಅವಕಾಶಗಳು ಕಡಿಮೆಯಾದಾಗ 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸರ್ಕಸ್ ರಿಂಗಿನಲ್ಲಿ ಆನೆಗಳೊಂದಿಗೆ ಆಟ ತೋರಿಸಿದ. 1963ರಲ್ಲಿ, ಕೇವಲ 39ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಅವನಿಗೂ ಅಲ್ಲಿ ಸಿಕ್ಕ ಪಾತ್ರಗಳಲ್ಲಿ ಹೆಚ್ಚಿನವು ಪೇಟ ತೊಟ್ಟವೇ.

ಸಾಬುವಿನ ಹೆಸರು ಉಳಿಯಲು ಕಾರಣ ಸಿನಿಮಾ. ದಾಮೂ ಅವರ ಹೆಸರು ಉಳಿಯಲು ಮುಖ್ಯ ಕಾರಣ ಒಂದು ಪುಸ್ತಕ. 1961ರಲ್ಲಿ ರಿಚರ್ಡ್ ಟ್ಯಾಪ್ಲಿಂಜರ್ ಎಂಬವರು ದಾಮೂ ಹೇಳಿದ್ದನ್ನು ಕೇಳಿ ಬರೆದ 'ವೈಲ್ಡ್ ಅನಿಮಲ್ ಮ್ಯಾನ್' ಅಮೆರಿಕದಲ್ಲಿ ಪ್ರಕಟವಾಯಿತು. ಯಾರೋ ಒಬ್ಬರು ಎದುರು ಕೂತು ಕೇಳಿದರು, ಬರೆದುಕೊಂಡರು, ಅಷ್ಟೇ. ಸಾಬುವಿನ ತಂದೆಯ ಜತೆ ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿದ ಮಾವುತರು, ಕಾವಾಡಿಗಳು, ಜೇನುಕುರುಬರು ಎಷ್ಟು ಜನ ಇದ್ದಿರಬೇಕು! ಖೆಡ್ಡಾದ ಹಳೆಯ ಫೋಟೋಗಳ ಕೆಳಗೆ ಮಹಾರಾಜರ, ವೈಸ್‌ರಾಯರ ಹೆಸರು ಇರುತ್ತದೆ. ಆನೆಯ ಕುತ್ತಿಗೆಯ ಮೇಲೆ ಕೂತವನ ಹೆಸರು ಇರುವುದಿಲ್ಲ.

ಬೋನಿನ ಬಾಗಿಲು ಮುಚ್ಚಿದ ದಿನ

ದಾಮೂ ಅವರ ವಿದ್ಯೆ ಇಂದು ನಮ್ಮ ದೇಶದಲ್ಲಿ ಇಲ್ಲ. ಅದು ಇಲ್ಲವಾದದ್ದರಲ್ಲಿ ನಮ್ಮ ಕೇರಳದ ಪಾಲು ದೊಡ್ಡದು. 1998ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಇವನ್ನು ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಿತು. ಸರ್ಕಸ್ಸಿನವರು ಇದನ್ನು ಕೇರಳ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2000ದ ಜೂನ್ 6ರಂದು ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಘನತೆಯಿಂದ ಬಾಳುವ ಹಕ್ಕು ಮನುಷ್ಯರಿಗೆ ಮಾತ್ರವೇ ಏಕೆ ಎಂದು ಆ ತೀರ್ಪು ಕೇಳಿತು. 2001ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಒಪ್ಪಿತು. ಸರ್ಕಸ್ಸಿನ ಹುಲಿ ಸಿಂಹಗಳು ಪುನರ್ವಸತಿ ಕೇಂದ್ರಗಳಿಗೆ ಹೋದವು. ಬೆಂಗಳೂರಿನ ಬನ್ನೇರುಘಟ್ಟವೂ ಅವುಗಳಲ್ಲಿ ಒಂದು. 2011ರಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಆದೇಶದಂತೆ ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದೂ ನಿಂತಿತು.

ಈ ಎರಡು ಆದೇಶಗಳನ್ನು ದಾಮೂ ಅವರ ಬದುಕಿನ ಪಕ್ಕದಲ್ಲಿ ಇಟ್ಟು ನೋಡೋಣ. ಹತ್ತು ವರ್ಷದ ದಾಮೂ ಇಂದು ಸರ್ಕಸ್ ಸೇರುವಂತಿಲ್ಲ. ಸೇರಿದರೂ ಅವನು ಪಳಗಿಸಲು ಅಲ್ಲಿ ಚಿರತೆ ಇರುವುದಿಲ್ಲ. ಅಂದರೆ ಇಂದಿನ ಕಾನೂನಿನ ಕೆಳಗೆ ಅವರ ಇಡೀ ಬದುಕೇ ಸಾಧ್ಯವಿರಲಿಲ್ಲ. ಇದಕ್ಕೆ ನಾವು ಸಂತೋಷಪಡಬೇಕೇ, ದುಃಖಪಡಬೇಕೇ?

ನಮ್ಮ ಉತ್ತರ ಹೀಗಿದೆ. ಕೈಕಾಲು ಚಾಚಲಾಗದ ಗಾಡಿಯಲ್ಲಿ ಊರೂರು ಸುತ್ತಿದ ಹುಲಿಯ ಬಾಳು ಬಾಳಲ್ಲ. ತಾಳ್ಮೆಯಿಂದ ಪಳಗಿಸಿದವನ ಬೋನೂ ಬೋನೇ. ಆಟವಾಡುವ ವಯಸ್ಸಿನಲ್ಲಿ ದುಡಿಯುವ ಮಗುವಿನ ಬಾಲ್ಯವೂ ಬಾಲ್ಯವಲ್ಲ. ಆದ್ದರಿಂದ ಆ ಬಾಗಿಲು ಮುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ಬಾಗಿಲು ಮುಚ್ಚುವಾಗ ಒಳಗಿದ್ದ ಮನುಷ್ಯರನ್ನೂ ನಾವು ಮರೆತೆವು. ಪಳಗಿಸುವವನ ಕೈಯಲ್ಲಿ ಬೇರೆ ಕಸುಬು ಇರಲಿಲ್ಲ. ತಲಶ್ಶೇರಿ ಕಡೆಯ ಎಷ್ಟೋ ಹಳೆಯ ಕಲಾವಿದರು ಮೈ ಸೋತ ಮೇಲೆ ಸಣ್ಣ ಪಿಂಚಣಿಯನ್ನೇ ನಂಬಿ ದಿನ ದೂಡಿದರು. ಒಂದು ವೃತ್ತಿಯನ್ನು ತಪ್ಪು ಎಂದು ನಿಲ್ಲಿಸಬಹುದು. ಅದನ್ನು ನಂಬಿ ಬದುಕಿದವರ ಶ್ರಮವನ್ನು, ಜಾಣ್ಮೆಯನ್ನು, ಅವರು ಪಟ್ಟ ಪಾಡನ್ನು ಸುಳ್ಳು ಎನ್ನಲಾಗದು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಲು ಕಲಿಯುವುದೇ ಇತಿಹಾಸ ಓದುವುದರ ಫಲ ಎಂದು ನಮಗೆ ಅನ್ನಿಸುತ್ತದೆ.

ನಾವೇನು ಮಾಡಬಹುದು?

ದಾಮೂ ಅವರಿಗೆ ಟ್ಯಾಪ್ಲಿಂಜರ್ ಸಿಕ್ಕಿದರು. ನಮ್ಮ ಊರಿನವರಿಗೆ ಯಾರು ಸಿಗುತ್ತಾರೆ? ಸರ್ಕಸ್ಸಿನಲ್ಲಿ ಅಡುಗೆ ಮಾಡಿದವರು, ಡೇರೆಯ ಗೂಟ ಹೊಡೆದವರು, ಬ್ಯಾಂಡು ಬಾರಿಸಿದವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇರಬಹುದು. ಸರ್ಕಸ್ಸೇ ಆಗಬೇಕೆಂದಿಲ್ಲ. ಮೇಳದ ಡೇರೆ ಕಟ್ಟಿದವರು, ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು, ಗಲ್ಫಿಗೆ ಮೊದಲ ಹಡಗು ಹತ್ತಿದವರು, ಇವರೆಲ್ಲರ ಕೆಲಸಗಳೂ ಒಂದೊಂದಾಗಿ ಮುಗಿಯುತ್ತಿವೆ.

ಈ ರಜೆಯಲ್ಲಿ ಪ್ರತಿಯೊಬ್ಬರೂ ಒಬ್ಬ ಹಿರಿಯರ ಹತ್ತಿರ ಹೋಗಿ ಕೂರೋಣ. ಮೊಬೈಲಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳೋಣ, ಆದರೆ ಮೊದಲು ಅವರ ಒಪ್ಪಿಗೆ ಕೇಳೋಣ. ಯಾವ ಊರು, ಯಾವ ವರ್ಷ, ಸಂಬಳ ಎಷ್ಟು, ಏನು ಊಟ, ಎಲ್ಲಿ ಮಲಗುತ್ತಿದ್ದರು, ಜತೆಗೆ ಇದ್ದವರ ಹೆಸರೇನು ಎಂದು ಕೇಳೋಣ. ದೊಡ್ಡ ಪ್ರಶ್ನೆಗಳಿಗಿಂತ ಇಂಥ ಸಣ್ಣ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಬರುತ್ತದೆ. ಮನೆಯ ಕಪಾಟಿನಲ್ಲಿ ಹಳೆಯ ಫೋಟೋ ಇದ್ದರೆ ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆದಿಡೋಣ. ಬರೆಯುವಾಗ ಫೋಟೋದ ನಡುವೆ ಕುಳಿತ ದೊಡ್ಡವರ ಹೆಸರಿನಷ್ಟೇ ಅಂಚಿನಲ್ಲಿ ನಿಂತವರ ಹೆಸರನ್ನೂ ಕೇಳಿ ತಿಳಿದುಕೊಳ್ಳೋಣ.